ಎಣಿಸಿ ಹಾಕಿದ ಕಾಜ

ಫೋನು ಬಂದಾಗ ನಾನು ನಮ್ಮವರ ಹೊಸ ಅಂಗಿಗೆ ಕಾಜ ಹಾಕುತ್ತಿದ್ದೆ. ನನ್ನ ಕಾಜದ ಸಂಗತಿ ಮೊದಲು ತಿಳಿಯದಿದ್ದರೆ ಮುಂದಿನದು ತಿಳಿಯುವುದಿಲ್ಲ. ರೆಡಿಮೇಡ್ ಅಂಗಿಯಲ್ಲಿ ಗುಂಡಿ ತೂರುವ ತೂತು ಎರಡು ಒಗೆತಕ್ಕೇ ಬಾಯಿ ಬಿಡುತ್ತದೆ. ಅದಕ್ಕೇ ಹೊಸ ಅಂಗಿ ಮನೆಗೆ ಬಂದ ದಿನವೇ ಜೋಡುದಾರಕ್ಕೆ ಮೇಣ ಸವರಿ ತೂತಿನ ಸುತ್ತ ನಾನು ಮತ್ತೊಮ್ಮೆ ಹೊಲಿಯುತ್ತೇನೆ. ಒಂದು ಹೊಲಿಗೆಗೆ ಒಂದು ಶಿವನಾಮ, ಒಂದು ಕಾಜಕ್ಕೆ ಇಪ್ಪತ್ತೊಂದು. ಕೈಗೆ ಕೆಲಸ, ಬಾಯಿಗೆ ಪುಣ್ಯ. ನಡುವೆ ಲೆಕ್ಕ ತಪ್ಪಿದರೆ, ದೇವರ ಕೆಲಸ ಅರೆಬರೆ ಆಗಬಾರದೆಂದು, ಅದರ ಮೇಲೇ ಮತ್ತೆ ಒಂದರಿಂದ ಶುರು ಮಾಡುತ್ತೇನೆ. ಪಕ್ಕದ ಮನೆಯ ರಜಿಯಾ ದಿನಕ್ಕೆ ನಾಲ್ಕು ಸಲ ಬಾಗಿಲಲ್ಲಿ ನಿಂತು ಮಾತಾಡಿಸುವುದರಿಂದ ಕೆಲವು ಕಾಜಗಳಲ್ಲಿ ಅರವತ್ತಕ್ಕೂ ಮಿಕ್ಕಿ ಶಿವನಾಮಗಳಿವೆ. ಹೊಲಿದು ಮುಗಿದ ಮೇಲೆ ಕೊರಳ ಹತ್ತಿರದ ಎರಡು ಬಿಟ್ಟು ಉಳಿದ ಗುಂಡಿಗಳನ್ನೆಲ್ಲ ತೂರಿಸಿಯೇ ಕೊಡುತ್ತೇನೆ. ಬಿಗಿಯೆನಿಸಿದರೆ ಚಮಚದ ಹಿಡಿಕೆಯಿಂದ ಒತ್ತುತ್ತೇನೆ.

ನಮ್ಮವರು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ತೂಕ ಹಾಕುತ್ತಾರೆ. ಮಾತು ಕಮ್ಮಿ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ತಂಬಿಗೆ ನೀರು ಕುಡಿದು ಎದ್ದು ಹೋಗುವವರು. ಗೂಟಕ್ಕೆ ಹಾಕಿದ ಅವರ ಅಂಗಿಯಲ್ಲಿ ಆ ಗುಂಡಿಗಳೆಲ್ಲ ಆಗಲೂ ಹಾಕಿಯೇ ಇರುತ್ತವೆ.

"ನೋಡಬೇ ರಜಿಯಾ, ಗಂಡಸಂದ್ರ ಹಿಂಗ ಶಿಸ್ತಿರಬೇಕು" ಎಂದು ಒಮ್ಮೆ ತೋರಿಸಿದ್ದೆ.

"ನಮ್ಮ ಮನ್ಯಾಗ ಅಂಗಿ ಗೂಟದತನಾ ಬಂದ್ರ ಸಾಕಾಗೇದ ಅಕ್ಕಾ" ಅಂದಿದ್ದಳು.

ಫೋನಿನಲ್ಲಿ ಗಿರಣಿಯ ಹಮಾಲ. "ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಅಣ್ಣಾರಿಗೆ ಎದಿನೋವು ಬಂದೈತಿ. ದವಾಖಾನಿಗೆ ಕರ್ಕೊಂಡು ಬಂದೀವಿ."

ರಜಿಯಾಳನ್ನು ಕೂಗಿ ಜೊತೆಗೆ ಕರೆದುಕೊಂಡು ಆಟೋ ಹತ್ತಿದೆ. ದಾರದ ಸಮೇತ ಸೂಜಿ ಸೆರಗಿನಲ್ಲೇ ಇತ್ತು. ದಾರಿಯುದ್ದಕ್ಕೂ ಶಿವನಾಮ ಹೇಳಿದೆ. ಎಣಿಸಲಿಲ್ಲ.

ನಮ್ಮವರು ಬೆವೆತು ಮಲಗಿದ್ದರು. ಡಾಕ್ಟರು ಇಸಿಜಿ ವೈರು ಹಿಡಿದು ಕಾಯುತ್ತಿದ್ದರು. ನರ್ಸಮ್ಮ ಎದೆಯ ಮೇಲಿನ ಗುಂಡಿಯೊಡನೆ ಗುದ್ದಾಡುತ್ತಿದ್ದಳು.

"ಯಾರ್ರೀ ಇದನ್ನ ಹೊಲದೋರು? ಕೀಲಿ ಹಾಕಿದಂಗ ಐತಿ!"

ನಾನು ಮುಂದೆ ಹೋದೆ. ನನ್ನ ಕೈಯ ಕಾಜ ನನ್ನ ಕೈಗೇ ಬಗ್ಗಲಿಲ್ಲ. ಎಳೆದರೆ ಗಂಡ ಎದ್ದು ಬರುತ್ತಿದ್ದರು, ಗುಂಡಿ ಬರುತ್ತಿರಲಿಲ್ಲ.

"ಅದು ಬಿಚ್ಚಂಗಿಲ್ರಿ" ಎಂದರು ನಮ್ಮವರು ನರ್ಸಮ್ಮನಿಗೆ, ಮೆಲ್ಲಗೆ. "ತಲಿ ಮ್ಯಾಲಿಂದ ತಗೀಬೇಕು. ನಾ ದಿನಾ ಬನೀನಿನಂಗ ತೊಡ್ತೀನಿ."

"ದಿನಾ?" ಎಂದೆ. ಅವರು ಕಣ್ಣು ಮುಚ್ಚಿಕೊಂಡರು.

"ಕೈ ಎತ್ತಬ್ಯಾಡ್ರಿ" ಎಂದು ಗದರಿದ ಡಾಕ್ಟರು ಕತ್ತರಿ ತರಿಸಿದರು. ಅಂಗಿ ಕೆಳಗಿನಿಂದ ಮೇಲಿನವರೆಗೆ ಎರಡು ಹೋಳಾಯಿತು. ಕಾಜ ಒಂದೂ ಬಾಯಿ ಬಿಡಲಿಲ್ಲ. ಆ ಹೊತ್ತಿನಲ್ಲೂ ನನ್ನ ಕಣ್ಣು ಅದನ್ನು ಗಮನಿಸಿತು, ಶಿವ ಕ್ಷಮಿಸಲಿ.

ಎರಡು ಸಲ ಯಂತ್ರ ಹಚ್ಚಿದರು, ರಕ್ತ ನೋಡಿದರು, ಸಂಜೆವರೆಗೆ ಮಲಗಿಸಿದರು. ಎದೆಯಲ್ಲಿ ಏನೂ ಇಲ್ಲ, ಹೊಟ್ಟೆಯಲ್ಲಿ ಆರು ಮಿರ್ಚಿ ಭಜಿ ಇದ್ದವು, ಅಷ್ಟೇ. ಜೀವ ಉಳಿಯಿತು. ಹಮಾಲ ತನ್ನ ಟವೆಲು ಹೊದಿಸಿ ಕಳಿಸಿದ. ಗುಂಡಿಗಳೂ ಎಲ್ಲ ವಾಪಸು ಬಂದವು. ಶಿವ ಒಂದು ದಿನಕ್ಕೆ ಇನ್ನೆಷ್ಟು ಕೊಡಬೇಕು?

"ಯಮ ಬಂದಿದ್ದ ಅಕ್ಕಾ" ಎಂದಳು ರಜಿಯಾ ಆಟೋದಲ್ಲಿ. "ಗುಂಡಿ ಬಿಚ್ಚಾಕ ಬರಲಾರ್ದಕ್ಕ ಹೊಳ್ಳಿ ಹೋಗ್ಯಾನ." ನಮ್ಮವರೂ ನಕ್ಕರು.

ಮನೆಯಲ್ಲಿ ಗೂಟಕ್ಕೆ ನಾಲ್ಕು ಅಂಗಿ ಶಿಸ್ತಾಗಿ ನೇತಾಡುತ್ತಿದ್ದವು. "ಒಂದು ಮಾತು ಹೇಳಬಾರದಾಗಿತ್ತೇನ್ರೀ?" ಎಂದು ಕೇಳಿದೆ.

"ನೀ ದೇವರ ಹೆಸರು ಹೇಳ್ಕೊಂತ ಹೊಲೀತಿದ್ದಿ. ಬಿಗಿ ಆಗೇತಿ ಅಂತ ಹೆಂಗ ಹೇಳ್ಲಿ?"

ಮಜ್ಜಿಗೆ ಅನ್ನ ಕಲಸಿ ಅವರ ಮುಂದಿಟ್ಟು, ನಾಲ್ಕೂ ಅಂಗಿ ಇಳಿಸಿಕೊಂಡು ಬ್ಲೇಡು ಹಿಡಿದು ಕೂತೆ. ಹೆಚ್ಚಿನ ಹೊಲಿಗೆಯನ್ನಷ್ಟೇ ತೆಗೆಯಬೇಕು, ಒಂದು ಕಾಜಕ್ಕೆ ಇಪ್ಪತ್ತೊಂದು. ಒಂದೊಂದಕ್ಕೂ ಶಿವನಾಮ ಹೇಳುತ್ತ ಬಿಚ್ಚಿದೆ. ಹದಿನೆಂಟಕ್ಕೆ ಬಂದಿದ್ದೆ.

"ಏನ್ ಮಾಡಾಕತ್ತೀ ಅಕ್ಕಾ?" ಬಾಗಿಲಲ್ಲಿ ರಜಿಯಾ.

ಲೆಕ್ಕ ತಪ್ಪಿತು. ಅದೇ ಕಾಜವನ್ನು ಮತ್ತೆ ಒಂದರಿಂದ ಬಿಚ್ಚತೊಡಗಿದೆ.