ಮೂರನೇ ಸಿಲಿಂಡರಿನ ಸೋರಿಕೆ

ಹನ್ನೊಂದು ವರ್ಷದ ಹಿಂದೆ, ಸಿಡ್ನಿಗೆ ಬಂದ ಹೊಸತರಲ್ಲಿ, ಪ್ರಮೋದ್ ಎಪ್ಪಿಂಗ್‌ನಲ್ಲಿದ್ದ ನಿವೃತ್ತ ಇಂಜಿನಿಯರ್ ರಾಮಮೂರ್ತಿಯವರ ಸೋಫಾದ ಮೇಲೆ ಎರಡು ತಿಂಗಳು ಬಿದ್ದುಕೊಂಡಿದ್ದ. ಹೊರಡುವ ದಿನ ಕಣ್ಣು ತುಂಬಿ ಮಾತು ಕೊಟ್ಟಿದ್ದ: "ನಿಮ್ಮ ಇಂಜಿನ್ ಓಡೋ ದಿನ ನಾನು ಅದರ ಪಕ್ಕದಲ್ಲೇ ನಿಂತಿರ್ತೀನಿ ಅಂಕಲ್."

ಆ ಇಂಜಿನ್ ಒಂದನೇ ಮಹಾಯುದ್ಧದ ಕಾಲದ ಜರ್ಮನ್ ವಿಮಾನವೊಂದರ ಇಂಜಿನ್ನಿನ ಅರ್ಧ ಅಳತೆಯ ನಕಲು. ರಾಮಮೂರ್ತಿ ಕೈಯಾರೆ ಮಾಡುತ್ತಿದ್ದುದು. ಸಾಲಾಗಿ ಆರು ಸಿಲಿಂಡರು. ಒಂದೊಂದರ ಸುತ್ತಲೂ ತೆಳು ಉಕ್ಕಿನ ಅಂಗಿ ಬೆಸೆದು, ನಡುವೆ ನೀರು ಹರಿಸಿ ತಣ್ಣಗಿಡುವ ಏರ್ಪಾಡು. ಮೂರನೆಯದರ ಅಂಗಿ ಮಾತ್ರ ನೆಗಡಿಯಾದ ಮಗುವಿನ ಮೂಗಿನಂತೆ ಸದಾ ಸೋರುತ್ತಿತ್ತು. ಒಂದು ತೂತು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು.

ಪ್ರಮೋದ್ ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿ ಮನೆ ಕೊಂಡಾಗ, ರಾಮಮೂರ್ತಿಯವರ ಅಪಾರ್ಟ್‌ಮೆಂಟಿನಲ್ಲಿ ಜಾಗ ಸಾಲದ ಇಂಜಿನ್ ಅವನ ಗರಾಜು ಸೇರಿತು. ಅವನ ಕಾರು ಬಿಸಿಲು ಸೇರಿತು.

ಕೊನೆಗೊಂದು ದಿನ ಮಧ್ಯಾಹ್ನ ಮೂರು ಗಂಟೆಗೆ ಮ್ಯೂಸಿಯಂ ಒಂದರವರು ಬರುವವರಿದ್ದರು. ಹತ್ತು ನಿಮಿಷ ಸೋರದೆ ಓಡಿದರೆ ಇಂಜಿನ್ ಒಯ್ಯುತ್ತಾರೆ, ಇಲ್ಲದಿದ್ದರೆ ಇಲ್ಲ. ಒಯ್ದ ಮೇಲೆ ಗಾಜಿನ ಪೆಟ್ಟಿಗೆ. ಮತ್ತೆಂದೂ ಓಡಿಸುವ ಹಾಗಿಲ್ಲ. ರಾಮಮೂರ್ತಿ ಸಿಡ್ನಿಯಲ್ಲಿ ವಿಮಾನ ಹತ್ತಿದ್ದರು.

ಅವತ್ತೇ ಆಯುಧಪೂಜೆ. ಪಕ್ಕದ ಮನೆಯ ಉಷಾ ಆಂಟಿ ಬೀದಿಯ ಕಾರುಗಳಿಗೆಲ್ಲ ಕುಂಕುಮ ಹಚ್ಚಿ ಗರಾಜಿಗೆ ನುಗ್ಗಿದರು. ಅವರ ಬೆನ್ನಹಿಂದೆಯೇ ಗದಗಿನಿಂದ ಬಂದಿದ್ದ ಅತ್ತೆ ಚನ್ನಬಸವ್ವ.

"ಈ ಮುಚ್ಚಳ ಯಾತಕ್ಕೋ?"

"ಅದು ನೀರಿಗೆ. ಇದು ನೀರು ಕುಡಿಯೋ ಇಂಜಿನ್ ಆಂಟಿ," ಎಂದು ಬೀಗಿ ಪ್ರಮೋದ್ ನಿಂಬೆಹಣ್ಣು ತರಲು ಒಳಗೆ ಹೋದ.

ಬರುವಷ್ಟರಲ್ಲಿ ಆಂಟಿಯ ಕೈಲಿದ್ದ ಚೊಂಬು ಖಾಲಿ.

"ಹಬ್ಬದ ದಿನ ಬರೀ ನೀರು ಕುಡಿಸ್ತಾರೇನೋ? ಅರಿಶಿನದ ನೀರು ಹಾಕಿದೀನಿ. ಗಟ್ಟಿಯಾಗೇ ಕಲಸಿದ್ದೆ."

ಪ್ರಮೋದನ ಮುಖ ಅರಿಶಿನಕ್ಕಿಂತ ಹಳದಿಯಾಯಿತು. ಅರಿಶಿನ ಉಕ್ಕನ್ನು ತಿನ್ನುತ್ತದೋ? ತೊಳೆಯಬೇಕೋ, ಒಣಗಿಸಬೇಕೋ? ಅಂಕಲ್ ಫೋನ್ ಸ್ವಿಚ್ ಆಫ್.

"ವಿನೆಗರ್ ಹಾಕ್ರೀ," ಎಂದ ಗಲಾಟೆ ಕೇಳಿ ಬಂದ ಎದುರುಮನೆಯ ಅಮೃತ್.

"ಹೇರ್ ಡ್ರೈಯರ್ ಹಿಡಿಯೋ," ಎಂದರು ಆಂಟಿ.

"ಏನೂ ಆಗಂಗಿಲ್ಲ ಬಿಡೋ ತಮ್ಮಾ, ನಮ್ಮ ಟ್ರ್ಯಾಕ್ಟರಿಗೆ..." ಎಂದು ಚನ್ನಬಸವ್ವ ಶುರು ಮಾಡಿದರು.

"ಅಜ್ಜೀ, ಇದು ಟ್ರ್ಯಾಕ್ಟರ್ ಅಲ್ಲ! ಜರ್ಮನ್ ವಿಮಾನದ್ದು!"

ಇಂಜಿನ್ ತೊಳೆಯಲು ಡಿಸ್ಟಿಲ್ಡ್ ವಾಟರ್ ಬೇಕೆಂದು ಪ್ರಮೋದ್ ಕಾರು ಹತ್ತಿ ಓಡಿದ. ಮೊದಲ ಅಂಗಡಿಯಲ್ಲಿ ಸ್ಟಾಕ್ ಇಲ್ಲ. ಎರಡನೆಯದು ದೂರ. ವಾಪಸು ಬರುವಾಗ ರಸ್ತೆ ರಿಪೇರಿ. ಸಾಲದ್ದಕ್ಕೆ ಆಂಟಿ ಕಾರಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ವೈಪರಿಗೆ ಸುತ್ತಿಕೊಂಡು, ಮುಂದಿನದೇನೂ ಕಾಣದೆ ಮದುವಣಿಗನಂತೆ ತಲೆ ಬಗ್ಗಿಸಿ ಗಾಡಿ ಓಡಿಸಿದ.

ನಾಲ್ಕು ಗಂಟೆಯ ಹೊತ್ತಿಗೆ ಅವನು ಬೀದಿಯ ತಿರುವಿಗೆ ಬಂದಾಗ ಎದುರಿಂದ ಮ್ಯೂಸಿಯಂನ ವ್ಯಾನ್ ಹಾದು ಹೋಯಿತು. ಹಿಂದುಗಡೆ, ಕುಂಕುಮ ಇಟ್ಟುಕೊಂಡು, ಇಂಜಿನ್ ಕೂತಿತ್ತು.

ಮನೆ ಮುಂದೆ ರಾಮಮೂರ್ತಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಎಲ್ಲಿ ಹಾಳಾಗಿ ಹೋಗಿದ್ಯೋ? ಹನ್ನೆರಡು ನಿಮಿಷ ಓಡ್ತು! ಒಂದು ಹನಿ ಸೋರ್ಲಿಲ್ಲ! ನನ್ನ ಬೆಸುಗೆ ಕೊನೆಗೂ ನಿಲ್ತು ಕಣೋ. ಇಡೀ ಬೀದಿ ನೋಡ್ತು."

ಚನ್ನಬಸವ್ವ ಪ್ರಮೋದನ ತೋಳು ಜಗ್ಗಿ ಪಿಸುಗುಟ್ಟಿದರು: "ನಮ್ಮ ಟ್ರ್ಯಾಕ್ಟರಿನ ರೇಡಿಯೇಟರ್ ಸೋರಿದ್ರ ನಾವು ಹಾಕೂದು ಅರಿಷಿಣನ. ತೂತಿನ್ಯಾಗ ಹೋಗಿ ಗಟ್ಯಾಗಿ ಕುಂದರತೈತಿ. ಹೇಳಾಕ ಬಂದ್ರ ನೀ ಎಲ್ಲಿ ಕೇಳ್ದಿ?"

ಆರು ಕ್ಯಾನ್ ನೀರು ಹಿಡಿದು ಪ್ರಮೋದ್ ಖಾಲಿ ಗರಾಜಿನಲ್ಲಿ ನಿಂತ.

ಇಂಜಿನ್ ಓಡಿದ ದಿನ ಅವನು ಅದರ ಪಕ್ಕದಲ್ಲಿರಲಿಲ್ಲ. ಕೊಟ್ಟ ಮಾತು ತಪ್ಪಿತು.