ನಲ್ಲಪ್ಪ ಮಾವನ ಹಗೆ

ಪಿ.ಎಲ್. 480 ಎಂಬುದು ಒಂದು ಲಾರಿಯ ನಂಬರು ಎಂದು ನಾನು ಬಹಳ ದಿನ ನಂಬಿದ್ದೆ!

ನಗಬೇಡಿ. ಅದು ಅರವತ್ತಾರನೇ ಇಸವಿ. ಪೇಪರು ಬಿಡಿಸಿದರೆ ಸಾಕು, 'ಪಿ.ಎಲ್. 480 ಗೋಧಿ ಬರುತ್ತಿದೆ' ಎಂದು ಹಾಕಿರುತ್ತಿದ್ದರು. ಇಡೀ ದೇಶಕ್ಕೆ ಒಬ್ಬನೇ ಗೋಧಿ ಸಾಗಿಸುತ್ತಿರುವ ಆ ಡ್ರೈವರ್ ಎಂಥ ಪುಣ್ಯಾತ್ಮನಿರಬೇಕು! ಅವನ ಮುಖವನ್ನೊಮ್ಮೆ ನೋಡಬೇಕೆಂದು, ಕಛೇರಿ ಬಿಟ್ಟ ಮೇಲೆ ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಚಿಂತಾಮಣಿ ಕಡೆಯಿಂದ ಬರುವ ಲಾರಿಗಳ ನಂಬರನ್ನೆಲ್ಲ ಓದುತ್ತಿದ್ದೆ. ಒಂದು ದಿನ ನಮ್ಮ ಕಛೇರಿಯ ಇನ್ನೊಬ್ಬ ಗುಮಾಸ್ತ ಗಂಗುಲಪ್ಪನ ಕಣ್ಣಿಗೆ ಬಿದ್ದೆ.

"ಯಾರಿಗಪ್ಪಾ ಕಾಯ್ತಿದೀಯ?"

ಹೇಳಿದೆ. ಗಂಗುಲಪ್ಪ ಸೈಕಲ್ಲಿನಿಂದ ಇಳಿದು, ಅದನ್ನು ಗೋಡೆಗೆ ಒರಗಿಸಿ, ಆಮೇಲೆ ನಕ್ಕ. "ಲೋ, ಅದು ಅಮೆರಿಕಾದವರ ಕಾಯಿದೆ ನಂಬರು ಕಣೋ! ಗೋಧಿ ಬರೋದು ಹಡಗಲ್ಲಿ!"

ಮಾರನೆಯ ದಿನದಿಂದ ಕಛೇರಿಯ ಜವಾನನೂ ನನ್ನನ್ನು ಕೇಳತೊಡಗಿದ: "ಸ್ವಾಮಿ, ಲಾರಿ ಬಂತಾ?"

ಅವಮಾನಕ್ಕೆ ಒಳ್ಳೆಯ ಔಷಧಿ ದೇಶಭಕ್ತಿ ಎಂದು ನಾನು ಕಂಡುಕೊಂಡದ್ದು ಆಗಲೇ. ಅಂದು ಸಂಜೆ ನಡುಮನೆಯಲ್ಲಿ ನಿಂತು ಘೋಷಿಸಿದೆ: "ಇವತ್ತಿನಿಂದ ಅಮೆರಿಕದ ಒಂದು ಕಾಳೂ ಈ ಹೊಸಲು ದಾಟಕೂಡದು! ನಮ್ಮ ರೈತ, ನಮ್ಮ ರಾಗಿ, ನಮ್ಮ ಮುದ್ದೆ!"

ನನ್ನ ಹೆಂಡತಿ ಅಮ್ಮಾಜಿ ಒಲೆ ಊದುತ್ತಿದ್ದವಳು ತಲೆ ಎತ್ತಲಿಲ್ಲ. "ರಾಗಿ ಎಲ್ಲೈತೆ ತೋರ್ಸಿ, ಮುದ್ದೆ ನಾನು ಕಟ್ತೀನಿ. ರೇಷನ್ ಗೋಧೀನೂ ಬ್ಯಾಡ ಅಂದ್ರೆ ಒಲೆ ಮೇಲೆ ಏನಿಡ್ಲಿ? ನಿಮ್ ಭಾಷಣಾನಾ?"

ಅವಳ ಮಾತು ಸುಳ್ಳಲ್ಲ. ಸಂತೆಯಲ್ಲಿ ರಾಗಿಯ ಬೆಲೆ ವಾರಕ್ಕೊಂದು ಮೆಟ್ಟಿಲು ಹತ್ತುತ್ತಿತ್ತು. ನನ್ನ ಸಂಬಳ ಮಾತ್ರ ಕೆಳಗಿನ ಮೆಟ್ಟಿಲಲ್ಲೇ ಕೂತು ಬೀಡಿ ಸೇದುತ್ತಿತ್ತು! ಆದರೂ ನಾನು ಜಗ್ಗಲಿಲ್ಲ. ಭಾನುವಾರ ಬಸ್ಸು ಹತ್ತಿ ಸಾದಲಿಗೆ ಹೋದೆ.

ಸಾದಲಿಯ ನಲ್ಲಪ್ಪ ಅಮ್ಮಾಜಿಯ ಸೋದರಮಾವ. ತಂದೆಯಿಲ್ಲದ ಅವಳನ್ನು ಸಾಕಿ, ಬೆಳೆಸಿ, ನನ್ನ ಕೊರಳಿಗೆ ಕಟ್ಟಿದವರು. ಅವರ ಹಿತ್ತಲಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಬಾವಿಯ ಹಾಗೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಕಣಜ ಅದು. ಹಳ್ಳಿಯವರ ಬಾಯಲ್ಲಿ ಬರಿಯ 'ಹಗೆ'. ಶತ್ರುವಿಗೂ ಕನ್ನಡದಲ್ಲಿ ಅದೇ ಹೆಸರು. ಯಾಕೆಂದು ನನಗೆ ಆಗ ಹೊಳೆದಿರಲಿಲ್ಲ.

"ಅಮೆರಿಕದವರ ದುಡ್ಡು ಬೆಳೆಸೋ ಬದಲು ನಿಮ್ಮಂಥ ರೈತರ ಹತ್ತಿರವೇ ಕೊಳ್ಳೋಣ ಅಂತ ಬಂದೆ ಮಾವ," ಎಂದೆ, ಎದೆಯುಬ್ಬಿಸಿ.

ನಲ್ಲಪ್ಪ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. "ಸರ್ಕಾರದ ಲೆವಿಗೆ ಕೊಡೋ ಪಾಲು ಕೊಟ್ಟಾಯ್ತು ಅಳಿಯಂದ್ರೇ. ಮಿಕ್ಕಿದ್ದು ನಾಲ್ಕು ಪಲ್ಲ, ನಾನೂರು ಸೇರು. ಹೊಸ ರಾಗಿ ಬರೋ ಗಂಟ ಎಂಟು ಬಾಯಿಗೆ ಇದೇ. ಆದ್ರೂ ಅಮ್ಮಾಜಿ ಮನೆಗೆ ಇಲ್ಲ ಅನ್ನಕಾಗ್ತದಾ?"

ಚಪ್ಪಡಿ ಸರಿಸಿದರು. ದೇಶಸೇವೆಯ ಉತ್ಸಾಹದಲ್ಲಿ ನಾನು ಮೊದಲು ಒಳಗೆ ಕಾಲಿಟ್ಟೆ. ನಲ್ಲಪ್ಪ ನನ್ನ ಕಾಲರು ಹಿಡಿದು ಹಿಂದಕ್ಕೆಳೆದರು. "ತಾಳಿ! ಒಳಗಿನ ಗಾಳಿ ವಿಷ. ಮೊದ್ಲು ದೀಪ ಬಿಡ್ಬೇಕು. ಅದು ಆರಿದ್ರೆ ನೀವೂ ಆರೋಗ್ತೀರಿ!"

ಅಂತೂ ದೀಪವೂ ಆರಲಿಲ್ಲ, ನಾನೂ ಆರಲಿಲ್ಲ. ಒಂದು ಮೂಟೆ ರಾಗಿ ಮೇಲೆ ಬಂತು. ಜೇಬಿಗೆ ಕೈ ಹಾಕಿದರೆ, "ಮಗಳ ಗಂಡನ ಹತ್ರ ದುಡ್ಡಾ? ತೆಗೀರಿ ಕೈನ!" ಎಂದು ಗದರಿಸಿದರು. ರೈತನಿಗೆ ಬೆಂಬಲ ಕೊಡಲು ಹೋದವನು ರೈತನಿಂದಲೇ ಪುಕ್ಕಟೆ ಹೊತ್ತು ತಂದೆ! ಹೊರಡುವಾಗ ಅವರು ಕೇಳಿದ್ದು ಒಂದೇ: "ಹಗೆ ವಿಷ್ಯ ಹೊರಗೆ ಆಡ್ಬೇಡಿ."

"ನಾಲಗೆ ಕಿತ್ತರೂ ಇಲ್ಲ!" ಎಂದೆ.

ಯಾರೂ ಕೀಳಲಿಲ್ಲ. ಅದೇ ತಾನಾಗಿ ಹರಿಯಿತು. ಆಗಸ್ಟ್ ಹದಿನೈದರ ಸಭೆಯಲ್ಲಿ, ಆಹಾರದ ವಿಷಯವಾಗಿ ನೌಕರರಲ್ಲೊಬ್ಬರು ಮಾತಾಡಬೇಕೆಂದಾಗ ನಾನು ಎದ್ದುನಿಂತೆ. ಗಂಗುಲಪ್ಪ ಹಿಂದಿನಿಂದ ಪಿಸುಗುಟ್ಟಿದ: "ಲಾರಿ ಬಗ್ಗೆ ಹೇಳ್ತೀಯೇನೋ?"

ರಕ್ತ ಕುದಿಯಿತು. "ಮಹನೀಯರೇ! ನಮಗೆ ಅಮೆರಿಕದ ಹಡಗು ಯಾಕೆ? ಸಾದಲಿಯ ನಮ್ಮ ಮಾವ ನಲ್ಲಪ್ಪನವರ ಹಗೇವು ಒಂದರಲ್ಲೇ ನಲವತ್ತು ಪಲ್ಲ ರಾಗಿ ಇದೆ!"

ನಾಲ್ಕಕ್ಕೆ ಚಪ್ಪಾಳೆ ಬೀಳುವುದಿಲ್ಲ, ನೋಡಿ. ನಲವತ್ತಕ್ಕೆ ಬಿತ್ತು, ಸಭೆಯೇ ಅಲುಗಾಡುವಂತೆ! ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ಚಪ್ಪಾಳೆ ತಟ್ಟದೆ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದರು. ನನ್ನ ಮಾತು ಬರೆದಿಟ್ಟುಕೊಳ್ಳುವಷ್ಟು ಚೆನ್ನಾಗಿತ್ತೆಂದು ಹಿಗ್ಗಿದೆ. ಅವರು ಲೆವಿ ವಸೂಲಿಯವರೆಂದು ಗೊತ್ತಾದದ್ದು ನಾಲ್ಕನೆಯ ದಿನ, ನಲ್ಲಪ್ಪನವರ ಹೆಂಡತಿ ರಾಮಲಕ್ಷ್ಮಮ್ಮ ಬಸ್ಸಿಳಿದು ನಮ್ಮ ಬಾಗಿಲಲ್ಲಿ ಕೂತಾಗ. ಅಮ್ಮಾಜಿ ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ.

"ಗಾಡಿ ತಂದು ಪೂರಾ ತುಂಬ್ಕೊಂಡು ಹೋದ್ರು ಕಣಮ್ಮಾ. ಮಿಕ್ಕಿದ್ದು ಎಲ್ಲಿ, ಮಿಕ್ಕಿದ್ದು ಎಲ್ಲಿ ಅಂತ ಹಿತ್ಲೆಲ್ಲ ಅಗೆದ್ರು. ದನದ ಕೊಟ್ಟಿಗೆ ಅಗೆದ್ರು. ಕಡೇಗೆ ಒಲೇನೂ ಕಿತ್ತಾಕಿದ್ರು. ಇಲ್ಲದ್ದನ್ನ ಎಲ್ಲಿಂದ ತರೋದಮ್ಮಾ?"

ಲೆವಿಯವರು ಹುಡುಕಿದ್ದು ನನ್ನ ಮೂವತ್ತಾರು ಪಲ್ಲವನ್ನು! ನಾನು ಬಾಯಲ್ಲಿ ಬೆಳೆದ ಬೆಳೆಗೆ ಮಾವನ ಒಲೆ ಕಿತ್ತುಹೋಯಿತು.

ಅಮ್ಮಾಜಿ ನನ್ನ ಕಡೆ ತಿರುಗಿದಳು. ಕೂಗಲಿಲ್ಲ, ಅದೇ ಭಯ. "ಹೋಗಿ ಹೋಗಿ ಅವರ ಹಗೆ ತೋರ್ಸಿ ಅವರಿಗೇ ಹಗೆ ಆದ್ರಲ್ರೀ."

ಉಳಿದಿದ್ದ ಅರ್ಧ ಮೂಟೆಯನ್ನು ಹೊತ್ತು ಮೂವರೂ ಸಾದಲಿಗೆ ಹೋದೆವು. ಹಿತ್ತಲು ಹಂದಿಗಳ ಹಿಂಡು ನುಗ್ಗಿದಂತಿತ್ತು. ನಲ್ಲಪ್ಪ ಬರಿದಾದ ಹಗೇವಿನ ಬಾಯಿಗೆ ಮತ್ತೆ ಚಪ್ಪಡಿ ಎಳೆಯುತ್ತಿದ್ದರು, ಕರು ಗಿರು ಬಿದ್ದೀತೆಂದು. ನಾನು ಹೋಗಿ ಕೈ ಹಚ್ಚಿದೆ. ಬೇಡ ಎನ್ನಲಿಲ್ಲ, ಮುಖವನ್ನೂ ನೋಡಲಿಲ್ಲ. ಮೂಟೆ ಇಳಿಸಿದೆ. ಅವರು ಅದನ್ನು ಒಂದು ಕೈಯಲ್ಲಿ ಎತ್ತಿ ನೋಡಿ ರಾಮಲಕ್ಷ್ಮಮ್ಮನ ಕಡೆ ತಳ್ಳಿದರು.

"ಹದಿನೈದು ದಿನ," ಎಂದರು ಆಕೆ.

ಹೊಲದಲ್ಲಿ ರಾಗಿ ಪೈರು ಇನ್ನೂ ಗೇಣುದ್ದವಿತ್ತು. ಕೇಳಬಾರದಿತ್ತು, ಕೇಳಿಬಿಟ್ಟೆ.

"ಮಾವ, ಅದು ಕೊಯ್ಲಿಗೆ ಬರೋ ತನಕ ಏನು ತಿಂತೀರಿ?"

ನಲ್ಲಪ್ಪ ಕೈಯ ಮಣ್ಣು ಕೊಡವಿದರು.

"ನೀವು ಬ್ಯಾಡ ಅಂದ್ರಲ್ಲ ಅಮೆರಿಕಾದ ಗೋಧಿ, ಅದ್ನೇ. ಬೆಳೆಯೋರಿಗೆ ರೇಷನ್ ಕಾರ್ಡಿಲ್ಲ ಅಳಿಯಂದ್ರೇ, ನಿಮ್ ಕಾರ್ಡಲ್ಲಿ ತಂದಾಕಿ."