ದೋಹಾದಲ್ಲಿ ಕೂತು ವೇಲ್ಸ್ ಆಳಿದ ಅತ್ತಿಗೆ

ನಮ್ಮ ಅತ್ತಿಗೆ ದೋಹಾದ ಮೂರನೇ ಮಹಡಿಯ ಫ್ಲಾಟಿನಲ್ಲಿ ಕೂತುಕೊಂಡೇ ವೇಲ್ಸ್ ದೇಶದ ಒಂದು ಜಿಲ್ಲೆಯನ್ನು ಪೂರ್ತಿ ಆಳುತ್ತಿದ್ದರು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಾನೂ ಮೊದಲು ನಂಬಿರಲಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮೈಸೂರು ಬಿಟ್ಟು ಕತಾರಿನ ಒಂದು ಆಫೀಸಿಗೆ ಗುಮಾಸ್ತನಾಗಿ ಸೇರಿ, ಮೊದಲೇ ದೋಹಾದಲ್ಲಿ ಕೆಲಸದಲ್ಲಿದ್ದ ಅಣ್ಣನ ಮನೆಗೆ ಬಂದಿಳಿದೆ. ಮೊದಲ ದಿನ ಬೆಳಿಗ್ಗೆ ಅತ್ತಿಗೆ ಕಾಫಿ ಲೋಟ ಕೈಗಿಟ್ಟರು. ನಿದ್ದೆ ಬಂತಾ, ಸೆಕೆ ಆಯ್ತಾ ಅಂತ ಏನಾದರೂ ಕೇಳಬೇಕಲ್ಲವೆ? ಕೇಳಿದ್ದು ಇದು:

"ಪೆಂಬ್ರೋಕ್ ಕೋಟೆಯ ದೊಡ್ಡ ಗೋಪುರಕ್ಕೆ ಎಂಥಾ ಛಾವಣಿ ಹೇಳು ನೋಡೋಣ?"

"ಗೊತ್ತಿಲ್ಲ ಅತ್ತಿಗೆ."

"ಕಲ್ಲಿನ ಗುಮ್ಮಟ ಕಣೋ, ಕಲ್ಲಿನದು! ಅಷ್ಟೂ ಗೊತ್ತಿಲ್ಲದೆ ಅದೇನು ಬಿ.ಕಾಂ. ಓದಿದೆಯೋ!"

ನನ್ನ ಬಿ.ಕಾಂ. ಮೇಲೆ ನನಗಿದ್ದ ನಂಬಿಕೆ ಅವತ್ತು ಹೋದದ್ದು ಮತ್ತೆ ಬರಲಿಲ್ಲ.

ಈ ಹುಚ್ಚು ಹತ್ತಿದ್ದು ಹೇಗೆ ಅಂತ ಅಣ್ಣ ಆಮೇಲೆ ಹೇಳಿದ. ಎದುರು ಫ್ಲಾಟಿನಲ್ಲಿದ್ದ ಒಂದು ಇಂಗ್ಲಿಷ್ ಸಂಸಾರ ಊರಿಗೆ ಹೊರಟಾಗ ಬೇಡದ ಸಾಮಾನೆಲ್ಲ ಲಿಫ್ಟಿನ ಪಕ್ಕ ಇಟ್ಟು ಹೋಯಿತಂತೆ. ಅದರಲ್ಲಿ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ. ಪೆಂಬ್ರೋಕ್ ಸೀಮೆಯ ಹಳೇ ಕೋಟೆಗಳು, ಚರ್ಚುಗಳು, ಮನೆಗಳು, ಪುಟಕ್ಕೊಂದು ಫೋಟೋ. ನಮ್ಮ ವಾಷಿಂಗ್ ಮಷೀನು ಬಟ್ಟೆ ಹಿಂಡುವಾಗ ಬಚ್ಚಲಿಂದ ಅಡುಗೆಮನೆವರೆಗೂ ಕುಣಿದುಕೊಂಡು ಬರುತ್ತಿತ್ತು. ಅದರ ಕಾಲಿಗೆ ಆಸರೆ ಕೊಡೋಣ ಅಂತ ಅಣ್ಣ ಪುಸ್ತಕ ತಂದ. ಮಷೀನಿನ ಕೆಳಗೆ ತಳ್ಳುವ ಮುಂಚೆ ಅತ್ತಿಗೆ ಒಂದು ಪುಟ ತೆರೆದು ನೋಡಿದರು. ಅಷ್ಟೇ! ಮಷೀನು ಇನ್ನೂ ಕುಣಿಯುತ್ತಲೇ ಇತ್ತು.

ಅತ್ತಿಗೆ ಓದಿದ್ದು ಕನ್ನಡ ಮೀಡಿಯಮ್ಮು. ಡಿಕ್ಷನರಿ ತೊಡೆಯ ಮೇಲೆ, ಪುಸ್ತಕ ಡೈನಿಂಗ್ ಟೇಬಲ್ ಮೇಲೆ, ಕುಕ್ಕರಿನ ಸೀಟಿಯ ಕಡೆ ಒಂದು ಕಿವಿ. ಹೀಗೆ ಓದಿ ಓದಿ ಅಷ್ಟನ್ನೂ ಅರಗಿಸಿಕೊಂಡಿದ್ದರು. ಮೇಲಾಗಿ, ಓದಿದ್ದನ್ನು ಒಬ್ಬರೇ ಇಟ್ಟುಕೊಳ್ಳುವ ಗುಣ ಅವರದಲ್ಲ. ಹೂವಿನಂಥ ಮೃದು ಚಪಾತಿ ಲಟ್ಟಿಸುತ್ತಲೇ ನಮ್ಮನ್ನು ಕಂದಕ ದಾಟಿಸಿ, ಹೆಬ್ಬಾಗಿಲು ತೆಗೆಸಿ, ಸುತ್ತುಮೆಟ್ಟಿಲು ಹತ್ತಿಸಿ ಬಿಡುತ್ತಿದ್ದರು. ಉಪ್ಪು ಕಮ್ಮಿಯಾಗಿದೆ ಎಂದು ಹೇಳಬೇಕಾದರೆ ನಾವು ಮೊದಲು ಕೋಟೆಯಿಂದ ಇಳಿದು ಬರಬೇಕಿತ್ತು!

ಒಂದು ಸಲ ಕಡಲ ದಂಡೆಯ 'ಮ್ಯಾನರ್‌ಬೀರ್' ಎಂಬ ಕೋಟೆಯ ವಿಷಯ ಬಂತು. ಬಾಲ್ಕನಿಯಲ್ಲಿ ನಿಂತು ಅತ್ತಿಗೆ ಉತ್ಸಾಹದಿಂದ, "ಮ್ಯಾನರ್‌ಬೀರ್! ಆಹಾ, ಬೀರ್ ಅಂದರೆ ಬೀರ್!" ಎಂದು ಕೂಗಿದರು. ಅಣ್ಣ ಓಡಿ ಬಂದು ಬಾಗಿಲು ಮುಚ್ಚಿದ.

"ಮೆತ್ತಗೆ ಹೇಳೇ ಮಾರಾಯ್ತಿ! ಇದು ಯಾವ ದೇಶ ಅಂತ ಜ್ಞಾಪಕ ಇದೆಯಾ? ಬೀರ್ ಬೀರ್ ಅಂತ ಕೂಗಿದರೆ ನಾಳೆ ಬೆಳಿಗ್ಗೆ ನಮ್ಮದು ಖಲಾಸ್!"

ಕೆಳಗಿನ ಮನೆಯಲ್ಲಿ ಮಂಗಳೂರಿನ ಕಡೆಯ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದರು. ಆಗ ದೋಹಾದಲ್ಲಿ ಚರ್ಚಿನ ಕಟ್ಟಡ ಅಂತ ಇರಲೇ ಇಲ್ಲ. ಯಾರದಾದರೂ ಮನೆಯಲ್ಲಿ ಸದ್ದಿಲ್ಲದೆ ಸೇರಿ ಪ್ರಾರ್ಥನೆ ಮಾಡುತ್ತಿದ್ದರು. ಆಕೆ ಶುಕ್ರವಾರ ಮಧ್ಯಾಹ್ನ ಮೇಲೆ ಬಂದು ಕೂತರೆ, ಹಣೆ ತುಂಬ ಕುಂಕುಮ ಇಟ್ಟ ನಮ್ಮ ಅತ್ತಿಗೆ ಅವರನ್ನು ಸೇಂಟ್ ಡೇವಿಡ್ಸ್ ಎಂಬ ಊರಿನ ದೊಡ್ಡ ಚರ್ಚಿನ ಒಳಗೆಲ್ಲ ಸುತ್ತಾಡಿಸುತ್ತಿದ್ದರು. ಕಡಲ್ಗಳ್ಳರ ಕಣ್ಣಿಗೆ ಬೀಳದಿರಲಿ ಅಂತ ಅದನ್ನು ತಗ್ಗಿನಲ್ಲಿ ಕಟ್ಟಿದ್ದಾರಂತೆ, ಒಳಗೆ ನೆಲವೇ ಇಳಿಜಾರಂತೆ, ಮರದ ಛಾವಣಿಯ ಕೆತ್ತನೆ ನೋಡಲು ಕತ್ತು ಸಾಲದಂತೆ!

"ಚರ್ಚಿನ ವಿಷಯ ನನಗಿಂತ ಜಾಸ್ತಿ ನಿಮಗೇ ಗೊತ್ತುಂಟಲ್ಲ ಮಾರಾಯ್ರೆ!" ಎಂದು ಆಕೆ ಬೆರಗಾಗುತ್ತಿದ್ದರು. ಹೋಗುವಾಗ ಆಕೆಯ ಮುಖ ಬರುವಾಗಿನದಕ್ಕಿಂತ ಬೆಳಗಿರುತ್ತಿತ್ತು. ಅದನ್ನು ನಾನು ಗಮನಿಸಿದ್ದೇನೆ.

ವೇಲ್ಸ್ ದೂರ, ಸರಿ. ಕೈಗೆ ಸಿಕ್ಕುವ ಕೋಟೆ ಬಿಡುವುದುಂಟೆ? ದೋಹಾದ ಉತ್ತರಕ್ಕೆ ಉಮ್ಮ್ ಸಲಾಲಿನಲ್ಲಿ ಮಣ್ಣು ಕಲ್ಲಿನ ಹಳೇ ಕಾವಲು ಗೋಪುರಗಳಿವೆ. ಒಂದು ಶುಕ್ರವಾರ ಪುಳಿಯೋಗರೆ ಕಟ್ಟಿಕೊಂಡು ಹೋದೆವು. ಅಣ್ಣನೂ ನಾನೂ ನೆರಳು ಹುಡುಕುತ್ತಿದ್ದರೆ ಅತ್ತಿಗೆ ಗೋಪುರದ ಗೋಡೆಗೆ ಕಿವಿಯಿಟ್ಟು, ತೆಂಗಿನಕಾಯಿ ನೋಡುವ ಹಾಗೆ ಬೆರಳಿನಿಂದ ಬಡಿದು ನೋಡುತ್ತಿದ್ದರು. ಕಾವಲಿನ ಮುದುಕ, "ಮಾಫಿ! ಮಾಫಿ!" ಎಂದು ಕೈ ಬೀಸುತ್ತಾ ಬಂದ. ಬೇಡ, ಆಗಲ್ಲ ಎಂದು ಅರ್ಥ. ಅತ್ತಿಗೆ ಹೆದರಿದರೆ? ಹಿಂದಿ, ಅರಬ್ಬಿ, ಮಂಡ್ಯದ ಕನ್ನಡ ಮೂರನ್ನೂ ಕಲಸಿ, ಈ ಗೋಡೆ ಇಷ್ಟು ದಪ್ಪ ಯಾಕೆ, ಈ ಮೆಟ್ಟಿಲು ಹೊರಗಡೆ ಯಾಕೆ ಅಂತ ಅವನಿಗೇ ಪ್ರಶ್ನೆ ಹಾಕಿದರು. ಅಷ್ಟು ವರ್ಷದಲ್ಲಿ ಆ ಮುದುಕನನ್ನು ಯಾರೂ ಏನೂ ಕೇಳಿರಲಿಲ್ಲವೋ ಏನೋ! ಹಿಗ್ಗಿ ಹೋದ. ಸುತ್ತ ತಿರುಗಿಸಿ ತೋರಿಸಿದ, ಹಾಲಿಲ್ಲದ ಚಹಾ ಕಾಸಿ ಕೊಟ್ಟ. ಪುಳಿಯೋಗರೆಯಲ್ಲಿ ಅವನಿಗೇ ದೊಡ್ಡ ಪಾಲು ಹೋಯಿತು.

ಇನ್ನು ಸಾಹೇಬರ ಕಥೆ ಕೇಳಿ. ಅಣ್ಣನ ಆಫೀಸಿಗೆ ಹೊಸ ಮ್ಯಾನೇಜರ್ ಬಂದರು, ಬ್ರಿಟಿಷರು. ಊಟಕ್ಕೆ ಕರೆಯಲೇಬೇಕಾಯಿತು. ಅಣ್ಣ ಅತ್ತಿಗೆಯನ್ನು ಕೂರಿಸಿ ಕೈಮುಗಿದ. "ನೋಡು, ಬಿಸಿಬೇಳೆ ಬಾತ್ ಮಾಡು, ಹಪ್ಪಳ ಕರಿ, ನಗು. ಕೋಟೆ ವಿಷಯ ಮಾತ್ರ ಎತ್ತಬೇಡ. ನನ್ನ ಪ್ರಮೋಷನ್ ಅವರ ಕೈಯಲ್ಲಿದೆ."

"ಎತ್ತಲ್ಲಪ್ಪ," ಎಂದರು ಅತ್ತಿಗೆ.

ಪಾಪ, ಎತ್ತಲೂ ಇಲ್ಲ. ಸಾಹೇಬರು ಬಿಸಿಬೇಳೆ ಬಾತಿನ ಖಾರಕ್ಕೆ ಮೂಗು ಕೆಂಪು ಮಾಡಿಕೊಂಡು ಕೂತಿದ್ದಾಗ ಅಣ್ಣನೇ ವಿನಯದಿಂದ, ಇಂಗ್ಲೆಂಡಿನಲ್ಲಿ ತಾವು ಯಾವ ಕಡೆಯವರು ಎಂದು ಕೇಳಿದ.

"ಇಂಗ್ಲೆಂಡ್ ಅಲ್ಲ, ವೇಲ್ಸ್," ಎಂದರು ಸಾಹೇಬರು. "ಪೆಂಬ್ರೋಕ್ ಅಂತ ಒಂದು ಸಣ್ಣ ಊರು. ನೀವು ಹೆಸರು ಕೇಳಿರಲಿಕ್ಕಿಲ್ಲ."

ಅಣ್ಣ ಕಣ್ಣು ಮುಚ್ಚಿಕೊಂಡ. ಅತ್ತಿಗೆಯ ಕೈಯಲ್ಲಿದ್ದ ಹಪ್ಪಳ ತಾನಾಗಿ ಮುರಿಯಿತು. ಆಮೇಲೆ ನಡೆದದ್ದನ್ನು ನಾನು ವರ್ಣಿಸಲಾರೆ! ಗುಮ್ಮಟ ಬಂತು, ಕೋಟೆಯ ಅಡಿಯಲ್ಲಿರುವ ಗುಹೆ ಬಂತು, ಪಕ್ಕದೂರಿನ ವ್ಯಾಪಾರಿಯ ಹಳೇ ಮನೆಯಲ್ಲಿ ಪಾಯಖಾನೆಗೆಂದೇ ಒಂದು ಗೋಪುರವಿರುವ ವಿಷಯವೂ ಊಟದ ನಡುವೆಯೇ ಬಂತು. ಸಾಹೇಬರು ಚಮಚ ಕೆಳಗಿಟ್ಟು ಬಾಯಿ ತೆರೆದು ಕೇಳಿದರು. ಕೊನೆಗೆ ತಪ್ಪು ಮಾಡಿದ ಹುಡುಗನ ದನಿಯಲ್ಲಿ, "ನಾನು ಆ ಕೋಟೆಯೊಳಗೆ ಒಮ್ಮೆಯೂ ಹೋಗಿಲ್ಲ. ಹೊರಗಿನ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದೆ, ಅಷ್ಟೇ," ಎಂದರು.

"ಹುಟ್ಟಿದೂರಿನ ಕೋಟೆ ನೋಡಿಲ್ಲವಾ!" ಅತ್ತಿಗೆ ಸಿಡಿದರು.

ಸಾಹೇಬರನ್ನು ಕಾಪಾಡಲು ನಾನು ಬಾಯಿ ಹಾಕಿದೆ. "ಅತ್ತಿಗೆ, ನಿಮ್ಮ ತವರು ಶ್ರೀರಂಗಪಟ್ಟಣ ಅಲ್ಲವಾ? ಅಲ್ಲಿನ ಕೋಟೆ ಎಷ್ಟು ಸುತ್ತಿನದು?"

"ಯಾರಿಗೆ ಗೊತ್ತೋ! ನಾವು ಅದರ ಗೋಡೆ ಮೇಲೆ ಸಂಡಿಗೆ ಒಣಗಿಸುತ್ತಿದ್ದೆವು."

ಅಣ್ಣ ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಸಾಹೇಬರು ನಕ್ಕ ನಗೆಗೆ ಕೆಳಗಿನ ಮನೆಯವರು ಮೇಲೆ ಬಂದರು.

ಆ ನಗೆಯ ಫಲವಾಗಿ ಒಂದು ಆಮಂತ್ರಣ ಬಂತು. ಸಾಹೇಬರ ಅಕ್ಕ, ವಿಧವೆ, ಪೆಂಬ್ರೋಕಿನಲ್ಲಿ ಹಳೇ ಕಲ್ಲುಮನೆಯೊಂದರಲ್ಲಿ ಪ್ರವಾಸಿಗಳಿಗೆ ಕೋಣೆ, ಬೆಳಗಿನ ತಿಂಡಿ ಕೊಟ್ಟು ಜೀವನ ನಡೆಸುತ್ತಿದ್ದರು. "ಒಂದು ವಾರ ಅಲ್ಲಿರಿ, ಎಲ್ಲಾ ನೋಡಿ," ಎಂದರು ಸಾಹೇಬರು. ಮುಂದಿನ ಬೇಸಿಗೆಯ ರಜೆಯಲ್ಲಿ ಅಣ್ಣ ಅತ್ತಿಗೆ ವಿಮಾನ ಹತ್ತಿದರು. ಏರ್‌ಪೋರ್ಟಿನಲ್ಲಿ ಅತ್ತಿಗೆಯ ಸಡಗರ ನೋಡಬೇಕಿತ್ತು! ರೇಷ್ಮೆ ಸೀರೆ, ಕಾಲಿಗೆ ಹೊಸ ಕ್ಯಾನ್ವಾಸ್ ಬೂಟು, ಸೂಟ್‌ಕೇಸಿನ ತುಂಬ ರವೆ. ಮದುವೆ ದಿಬ್ಬಣವೇ ಸರಿ.

ವಾರ ಕಳೆದು ವಾಪಸು ಬಂದರು. ಅವತ್ತು ರಜೆ. ಕಾಫಿ ಕುಡಿಯುತ್ತಾ ಹಾಲ್‌ನಲ್ಲಿ ಕೂತಿದ್ದೆವು. ನಾನು ಕೇಳಿದೆ, "ಹೇಳಿ ಅತ್ತಿಗೆ, ಗುಮ್ಮಟ ಹೇಗಿತ್ತು?"

"ನೋಡಲಿಲ್ಲ ಕಣೋ."

"ಸೇಂಟ್ ಡೇವಿಡ್ಸ್ ಚರ್ಚು?"

"ಅದೂ ಇಲ್ಲ. ಅಡುಗೆಮನೆ ಕಿಟಕಿಯಿಂದ ಕೋಟೆ ಗೋಡೆ ಒಂಚೂರು ಕಾಣ್ತಿತ್ತು."

ನನಗೆ ತಲೆ ಕೆಟ್ಟಿತು. ಅಣ್ಣನ ಕಡೆ ನೋಡಿದೆ. ಅವನು ಪೇಪರಿನ ಹಿಂದೆ ಅಡಗಿಕೊಂಡ. ಕೊನೆಗೆ ಅತ್ತಿಗೆಯೇ ಹೇಳಿದರು. ಹೋದ ಮರುದಿನ ಬೆಳಿಗ್ಗೆ ಆ ಅಕ್ಕ ಚಹಾದ ಟ್ರೇ ಹಿಡಿದು ಮೆಟ್ಟಿಲು ಹತ್ತುವಾಗ ಜಾರಿ ಬಿದ್ದರಂತೆ. ಬಲಗೈ ಮೂಳೆ ಮುರಿಯಿತು. ಮನೆ ತುಂಬ ಪ್ರವಾಸಿಗಳು, ಮೂರು ತಿಂಗಳ ದುಡಿಮೆಯಲ್ಲಿ ವರ್ಷವಿಡೀ ಬದುಕಬೇಕಾದ ಹೆಂಗಸು. ಎಲ್ಲರನ್ನೂ ಕಳಿಸಿಬಿಡಬೇಕಲ್ಲಾ ಅಂತ ಆಕೆ ಆಸ್ಪತ್ರೆಯಲ್ಲಿ ಕೂತು ಅಳುತ್ತಿದ್ದರಂತೆ.

"ಯಾಕೆ ಕಳಿಸಬೇಕು? ನಾನಿಲ್ಲವಾ?" ಎಂದು ಅತ್ತಿಗೆ ಸೆರಗು ಸಿಕ್ಕಿಸಿದರು.

ಆ ವಾರ ಪೆಂಬ್ರೋಕಿನ ಪ್ರವಾಸಿಗಳಿಗೆ ಬೆಳಗಿನ ತಿಂಡಿ ಉಪ್ಪಿಟ್ಟು! ಮೊಟ್ಟೆ ಬೇಕು ಎಂದವರಿಗೆ ಅಣ್ಣ, ಜನ್ಮದಲ್ಲಿ ಮೊಟ್ಟೆ ಮುಟ್ಟದ ನಮ್ಮಣ್ಣ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಆಮ್ಲೆಟ್ ಹುಯ್ದ. ಯಾರೋ ಒಬ್ಬ ಮುದುಕ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು, ಗಂಜಿಗೆ ಜೀವ ಬಂದ ಹಾಗಿದೆ ಎಂದನಂತೆ. ಒಬ್ಬರೂ ಕೋಣೆ ಬಿಟ್ಟು ಹೋಗಲಿಲ್ಲ. ಸಾಹೇಬರ ಸೋದರ ಸೊಸೆ ಬಂದು ಮನೆ ವಹಿಸಿಕೊಳ್ಳುವ ಹೊತ್ತಿಗೆ ಇವರ ವಿಮಾನದ ದಿನ ಬಂದಿತ್ತು.

"ಒಂದು ಗಂಟೆ ಹೋಗಿ ಕೋಟೆ ನೋಡಿ ಬರಬಹುದಿತ್ತಲ್ಲ ಅತ್ತಿಗೆ!" ನನಗೆ ತಡೆಯಲಾಗಲಿಲ್ಲ.

"ಬರಬಹುದಿತ್ತು. ಮಧ್ಯಾಹ್ನ ಹೊತ್ತು ಬಿಡುವಿತ್ತು ಕಣೋ, ಇಲ್ಲ ಅನ್ನಲ್ಲ. ಆದರೆ ಆವಮ್ಮನಿಗೆ ಬಲಗೈ ಬ್ಯಾಂಡೇಜು. ಉದ್ದ ಬಿಳೀ ಕೂದಲು, ಗಂಟು ಗಂಟಾಗಿತ್ತು. ಮೊದಲ ದಿನ ಕೂರಿಸಿಕೊಂಡು ಎಣ್ಣೆ ಹಚ್ಚಿ ಬಾಚಿ ಜಡೆ ಹಾಕಿದೆ. ಅಳೋಕೆ ಶುರು ಮಾಡಿದರು. ನೋವಾಯ್ತಾ ಅಂದರೆ, ಇಲ್ಲ, ಅಮ್ಮ ಹೋದಮೇಲೆ ಯಾರೂ ನನ್ನ ತಲೆ ಮುಟ್ಟಿಲ್ಲ ಅಂದರು. ಆಮೇಲೆ ದಿನಾ ಮಧ್ಯಾಹ್ನ ಬಾಚಣಿಗೆ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಲ್ಲೋರು, ಚಿಕ್ಕ ಹುಡುಗಿ ಹಾಗೆ. ಅವರನ್ನ ಬಿಟ್ಟು ಕಲ್ಲು ನೋಡೋಕೆ ಹೆಂಗೋ ಹೋಗಲಿ?"

ಅತ್ತಿಗೆ ಲೋಟದೊಳಗೆ ನೋಡುತ್ತಾ, ತಮಗೇ ಹೇಳಿಕೊಳ್ಳುವ ಹಾಗೆ, "ನನ್ನ ತಲೆ ಬಾಚಿದ್ದೂ ಅಮ್ಮನೇ ಕೊನೆ. ಅವರ ಜೊತೆ ನಾನೂ ಒಂದಿಷ್ಟು ಅತ್ತೆ," ಎಂದರು.

ಪೇಪರು ಮಡಚಿದ ಸದ್ದಾಯಿತು. ಅಣ್ಣ ಎದ್ದು ಒಳಗೆ ಹೋದ. ಹೆಂಡತಿಗೆ ಒಂದು ದಿನ ಹೂ ತಂದು ಕೊಟ್ಟವನಲ್ಲ, ಚೆನ್ನಾಗಿದ್ದೀಯ ಎಂದವನಲ್ಲ. ಕೊಬ್ಬರಿ ಎಣ್ಣೆ ಶೀಸೆ, ಬಾಚಣಿಗೆ ಹಿಡಿದುಕೊಂಡು ಬಂದು ಅತ್ತಿಗೆಯ ಕುರ್ಚಿಯ ಹಿಂದೆ ನಿಂತ.

"ಅಯ್ಯೋ, ಏನ್ರೀ ಇದು! ಮೈದುನ ಕೂತಿದ್ದಾನೆ!"

"ಕೂತಿರಲಿ. ಅಲ್ಲಾಡಬೇಡ," ಎಂದ ಅಣ್ಣ, ಜಡೆಯ ಪಿನ್ನು ಎಲ್ಲಿದೆ ಎಂದು ಹುಡುಕುತ್ತಾ.